ಯುದ್ಧದಲ್ಲಿ ಕಥೋಲಿಕ ಸೇನಾ ಪಾದ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದ ಕಥೆಗಳಲ್ಲಿ ಸೇನಾಪತಿ ಇರುತ್ತಾನೆ, ಸೈನಿಕ ಇರುತ್ತಾನೆ, ಡಾಕ್ಟರ್ ಕೂಡ ಇರುತ್ತಾರೆ. ಅದೇ ಕಂದಕದಲ್ಲಿ, ಅದೇ ಗುಂಡುಗಳ ನಡುವೆ, ಕೈಯಲ್ಲಿ ಆಯುಧ ಇಲ್ಲದೆ ಓಡಾಡಿದ ಪಾದ್ರಿಯ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಕೇಳುವವರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆಲವಕ್ಕೆ ಎರಡು ಮಾತಿನ ಉತ್ತರ ಸಾಕು, ಕೆಲವಕ್ಕೆ ಸಾಲದು.

ಸೇನಾ ಪಾದ್ರಿ ಅಂದರೆ ಯಾರು? ಊರಿನ ಚರ್ಚಿನ ಫಾದರ್‌ಗಿಂತ ಬೇರೆಯವರಾ?

ಬೇರೆಯವರಲ್ಲ. ಅದೇ ಗುರುದೀಕ್ಷೆ, ಅದೇ ಬಲಿಪೂಜೆ (ಮಾಸ್), ಪಾಪಕ್ಷಮೆ, ತೈಲ ಲೇಪನದಂಥ ಅದೇ ಸಂಸ್ಕಾರಗಳು. ಊರಿನ ಗುರುಗಳಿಗೆ ಒಂದು ಧರ್ಮಕೇಂದ್ರ (ಒಂದು ಚರ್ಚ್ ಮತ್ತು ಅದರ ಜನ) ಇರುತ್ತದೆ. ಇವರಿಗೆ ಒಂದು ಪಡೆ ಇರುತ್ತದೆ. ಪಡೆ ಎಲ್ಲಿಗೆ ಹೊರಟರೂ ಇವರು ಹಿಂದೆಯೇ ಹೊರಡಬೇಕು.

ಅನೇಕ ದೇಶಗಳಲ್ಲಿ ಸೈನಿಕರಿಗಾಗಿಯೇ ಒಂದು ಧರ್ಮಪ್ರಾಂತ್ಯ ಇದೆ, ಅದಕ್ಕೊಬ್ಬ ಬಿಷಪ್ ಇದ್ದಾರೆ. ಆ ಧರ್ಮಪ್ರಾಂತ್ಯಕ್ಕೆ ನೆಲದ ಗಡಿ ಇರುವುದಿಲ್ಲ. ಸೈನಿಕ ಮತ್ತು ಅವನ ಮನೆಯವರು ಎಲ್ಲಿದ್ದರೂ ಅದಕ್ಕೆ ಸೇರಿದವರೇ. ಇದಕ್ಕೆ ಈಗಿರುವ ರೂಪ ಕೊಟ್ಟವರು ಪೋಪ್ ಎರಡನೇ ಜಾನ್ ಪಾಲ್. 1986ರ ಏಪ್ರಿಲ್ 21ರಂದು ಅವರು ಅದಕ್ಕಾಗಿ ಒಂದು ಶಾಸನ ಹೊರಡಿಸಿದರು. ಪಾದ್ರಿ ಮಾತ್ರ ಸಾಮಾನ್ಯವಾಗಿ ತಮ್ಮ ಊರಿನ ಧರ್ಮಪ್ರಾಂತ್ಯಕ್ಕೋ ತಮ್ಮ ಧಾರ್ಮಿಕ ಸಭೆಗೋ (ಜೆಸ್ವಿತ್, ಫ್ರಾನ್ಸಿಸ್ಕನ್ ಥರದ ಗುರುಗಳ ಸಂಘ) ಸೇರಿದವರಾಗಿಯೇ ಉಳಿಯುತ್ತಾರೆ. ಅಲ್ಲಿನ ಬಿಷಪ್ ಅಥವಾ ಸಭೆಯ ಹಿರಿಯರು ಒಪ್ಪಿ ಕಳಿಸಿಕೊಟ್ಟರೆ ಮಾತ್ರ ಸೈನ್ಯಕ್ಕೆ ಹೋಗಬಹುದು.

ಅವರು ಬಂದೂಕು ಹಿಡಿಯುತ್ತಾರಾ?

ಇಲ್ಲ. ಇದು ಇವತ್ತಿನ ನಿಯಮವಲ್ಲ, ತುಂಬಾ ಹಳೆಯದು. ಕ್ರಿ.ಶ. 742ರ ಸುಮಾರಿಗೆ ಜರ್ಮನ್ ನಾಡಿನ ಬಿಷಪ್‌ಗಳು ಸಭೆ ಸೇರಿ, ಗುರುಗಳು ಆಯುಧ ಹಿಡಿಯುವುದನ್ನೂ ಯುದ್ಧಕ್ಕೆ ಹೋಗುವುದನ್ನೂ ನಿಷೇಧಿಸಿದರು. ಅದರಲ್ಲೇ ಒಂದು ವಿನಾಯಿತಿಯನ್ನೂ ಇಟ್ಟರು. ದೊರೆಯ ಜೊತೆ ಒಬ್ಬಿಬ್ಬರು ಬಿಷಪ್‌ಗಳು ತಮ್ಮ ಗುರುಗಳೊಂದಿಗೆ ಹೋಗಬಹುದು. ಪ್ರತಿ ದಳಪತಿಯ ಬಳಿ ಪಾಪನಿವೇದನೆ, ಅಂದರೆ ಗುರುವಿನ ಮುಂದೆ ಗುಟ್ಟಾಗಿ ಮಾಡುವ ತಪ್ಪೊಪ್ಪಿಗೆ, ಕೇಳುವುದಕ್ಕೆ ಒಬ್ಬ ಗುರು ಇರಬಹುದು. ಸೇನಾ ಪಾದ್ರಿಯ ಕೆಲಸ ಇವತ್ತಿಗೂ ನಿಂತಿರುವುದು ಈ ವಿನಾಯಿತಿಯ ಮೇಲೆಯೇ. ಹೊಡೆದಾಡುವುದಕ್ಕೆ ಬರಬೇಡ, ಹೊಡೆದಾಡುವವನ ಜೊತೆಗಿರು ಅನ್ನುವುದೇ ಅದರ ಅರ್ಥ.

ಅಮೆರಿಕದ ಸೈನ್ಯದಲ್ಲಿ ಪಾದ್ರಿಯ ಜೊತೆ ಒಬ್ಬ ಸಹಾಯಕ ಇರುತ್ತಾನೆ. ಅವನ ಹತ್ತಿರ ಬಂದೂಕು ಇರುತ್ತದೆ. ಪೂಜೆಗೆ ಸಿದ್ಧ ಮಾಡುವುದು, ವಾಹನ ಓಡಿಸುವುದು, ಗುಂಡು ಹಾರುವಾಗ ಪಾದ್ರಿಯನ್ನು ಕಾಯುವುದು, ಎಲ್ಲ ಅವನ ಕೆಲಸವೇ.

ಅವರ ಮೇಲೆ ಗುಂಡು ಹಾರಿಸಬಾರದು ಅಂತ ಕಾನೂನು ಇದೆಯಾ?

ಇದೆ. 1864ರ ಮೊದಲ ಜಿನೀವಾ ಒಪ್ಪಂದದಲ್ಲೇ ವೈದ್ಯರ ಜೊತೆ ಪಾದ್ರಿಗಳ ಹೆಸರೂ ಸೇರಿತ್ತು. 1949ರ ಒಪ್ಪಂದದ 24ನೇ ವಿಧಿ ಇನ್ನೂ ಸ್ಪಷ್ಟವಾಗಿದೆ: ಸೈನ್ಯದ ಜೊತೆಗಿರುವ ಪಾದ್ರಿಗಳನ್ನು ಯಾವ ಸಂದರ್ಭದಲ್ಲೂ ಗೌರವಿಸಬೇಕು, ರಕ್ಷಿಸಬೇಕು. ಎಡ ತೋಳಿಗೆ ಕೆಂಪು ಶಿಲುಬೆಯ ಪಟ್ಟಿ ಕಟ್ಟಿಕೊಳ್ಳುವ ಹಕ್ಕು ಅವರಿಗಿದೆ.

ಶತ್ರುವಿನ ಕೈಗೆ ಸಿಕ್ಕರೂ ಅವರು ಯುದ್ಧಕೈದಿ ಅಲ್ಲ. ಸೆರೆಯಲ್ಲಿರುವ ಸೈನಿಕರಿಗೆ ಅವರ ಅಗತ್ಯ ಇದ್ದರೆ ಮಾತ್ರ ಉಳಿಸಿಕೊಳ್ಳಬಹುದು. ಅಗತ್ಯ ಇಲ್ಲದಿದ್ದರೆ ವಾಪಸ್ ಕಳಿಸಬೇಕು. ಉಳಿಸಿಕೊಂಡರೆ ಅವರ ಕೆಲಸಕ್ಕೆ ಅಡ್ಡಿ ಮಾಡಬಾರದು. ಶಿಬಿರದ ಹೊರಗೆ ದುಡಿಯುವ ಕೈದಿಗಳನ್ನು ನೋಡಲು ಹೋಗುವುದಕ್ಕೆ ವಾಹನವನ್ನೂ ಕೊಡಬೇಕು.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಫಿರಂಗಿ ಗುಂಡಿಗೆ ತೋಳಿನ ಪಟ್ಟಿ ಕಾಣುವುದಿಲ್ಲ.

ಯುದ್ಧ ನಡೆಯುವಾಗ ಅವರ ದಿನ ಹೇಗಿರುತ್ತದೆ?

ಜಾಸ್ತಿ ಹೊತ್ತು ನಡಿಗೆ. ಸೈನಿಕರು ಒಂದೇ ಕಡೆ ಇರುವುದಿಲ್ಲ, ನಾಲ್ಕಾರು ಮೈಲಿ ಹರಡಿಕೊಂಡಿರುತ್ತಾರೆ. ಪಾದ್ರಿ ಒಂದು ತುಕಡಿಯಿಂದ ಇನ್ನೊಂದಕ್ಕೆ ಹೋಗುತ್ತಾ ಇರುತ್ತಾರೆ. ಅಲ್ಲೊಂದಿಷ್ಟು ಮಾತು, ಇಲ್ಲೊಬ್ಬನ ಪಾಪನಿವೇದನೆ, ಇನ್ನೊಬ್ಬನಿಗೆ ಮನೆಯಿಂದ ಬಂದ ಕೆಟ್ಟ ಸುದ್ದಿ ತಿಳಿಸುವುದು. ಸುಮ್ನೆ ಪಕ್ಕದಲ್ಲಿ ಕೂತಿದ್ದು ಎದ್ದು ಬರುವುದೂ ಇದೆ. ಹೊರಗಿನವರ ಕಣ್ಣಿಗೆ ಇದು ಕೆಲಸದಂತೆ ಕಾಣುವುದಿಲ್ಲ. ಆದರೆ ನಾಳೆ ಗಾಯಗೊಂಡು ಬಿದ್ದವನು 'ಫಾದರ್' ಎಂದು ಕರೆಯುವುದು ನಿನ್ನೆ ಪಕ್ಕದಲ್ಲಿ ಕೂತಿದ್ದವರನ್ನು. ಹೆಸರು ಗೊತ್ತಿಲ್ಲದ ಪಾದ್ರಿಯನ್ನು ಅಲ್ಲ.

ದಾಳಿ ಶುರುವಾದ ಮೇಲೆ ಅವರ ಜಾಗ ಪ್ರಥಮ ಚಿಕಿತ್ಸೆಯ ಠಾಣೆ. ಗಾಯಾಳುಗಳು ಮೊದಲು ಬರುವುದು ಅಲ್ಲಿಗೇ. ಡಾಕ್ಟರ್ ಒಂದು ಕಡೆ, ಪಾದ್ರಿ ಇನ್ನೊಂದು ಕಡೆ. ಸ್ಟ್ರೆಚರ್ ಹೊರುವವರು ಸಾಲದೆ ಬಂದರೆ ಪಾದ್ರಿಯೂ ಒಂದು ಕೊನೆ ಹಿಡಿಯುತ್ತಾರೆ. ನೀರು ಕುಡಿಸುತ್ತಾರೆ, ಸಿಗರೇಟು ಹಚ್ಚಿಕೊಡುತ್ತಾರೆ, ಕೈಯಾಡದವನ ಪರವಾಗಿ ಮನೆಗೆ ಪತ್ರ ಬರೆಯುತ್ತಾರೆ.

ರಾತ್ರಿ ಹೆಣ ಹೂಳುವುದು. ಆಮೇಲೆ ಸತ್ತವರ ಮನೆಗೆ ಕಾಗದ ಬರೆಯುವುದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಕಷ್ಟ. ಸೈನ್ಯದ ತಂತಿಯಲ್ಲಿ ಇರುವುದು ಹೆಸರು, ನಂಬರು, ತಾರೀಕು ಅಷ್ಟೇ. ತಾಯಿಗೆ ಬೇಕಾಗಿರುವುದು ಅದಲ್ಲ. ಮಗನಿಗೆ ನೋವಾಯಿತಾ, ಪಕ್ಕದಲ್ಲಿ ಯಾರಾದರೂ ಇದ್ದರಾ, ಸಂಸ್ಕಾರ ಸಿಕ್ಕಿತಾ. ಈ ಮೂರಕ್ಕೂ ಉತ್ತರ ಕೊಡಬಲ್ಲವರು ಬಹಳ ಸಲ ಪಾದ್ರಿ ಒಬ್ಬರೇ.

ಬಲಿಪೂಜೆ ಎಲ್ಲಿ ಮಾಡುತ್ತಾರೆ? ಅದಕ್ಕೆ ಬೇಕಾದ ಸಾಮಾನು?

ಸಮತಟ್ಟಾದ ಏನಾದರೂ ಸಿಕ್ಕಿದರೆ ಸಾಕು. ಮದ್ದುಗುಂಡಿನ ಪೆಟ್ಟಿಗೆ, ಹಡಗಿನ ಡೆಕ್, ಟ್ರಕ್ಕಿನ ಹಿಂಬದಿ, ಎಲ್ಲವೂ ಪೀಠವಾಗಿವೆ. 1950ರ ಅಕ್ಟೋಬರಿನಲ್ಲಿ ಕೊರಿಯಾದಲ್ಲಿ ತೆಗೆದ ಒಂದು ಫೋಟೋ ಇದೆ. ಅಮೆರಿಕದ ಪಾದ್ರಿ ಎಮಿಲ್ ಕಪಾನ್ ಜೀಪಿನ ಬಾನೆಟ್ಟಿನ ಮೇಲೆ ಬಿಳಿ ಬಟ್ಟೆ ಹಾಸಿ ಬಲಿಪೂಜೆ ಅರ್ಪಿಸುತ್ತಿದ್ದಾರೆ. ಹತ್ತಿರ ಒಬ್ಬ ಸೈನಿಕ ಮಂಡಿಯೂರಿದ್ದಾನೆ. ಅವರ ಬಗ್ಗೆ ಮುಂದೆ ಇನ್ನೂ ಹೇಳಬೇಕಿದೆ.

ಸಾಮಾನೆಲ್ಲ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ಪಾನಪಾತ್ರೆ, ತಟ್ಟೆ, ಶಿಲುಬೆ, ಎರಡು ಮೋಂಬತ್ತಿ, ದ್ರಾಕ್ಷಾರಸದ ಬಾಟಲಿ, ರೊಟ್ಟಿಯ ಡಬ್ಬಿ, ಪೀಠದ ಬಟ್ಟೆ, ಮಡಚಿಟ್ಟ ಪೂಜಾವಸ್ತ್ರ. ಲೋಕದ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಗಿಂತ (1962-65) ಮುಂಚೆ ಸಂತರ ಅವಶೇಷ ಇಟ್ಟ ಚಪ್ಪಟೆ ಕಲ್ಲೊಂದನ್ನೂ ಹೊರಬೇಕಿತ್ತು. ಈಗ ಚರ್ಚಿನ ಹೊರಗೆ ತಕ್ಕ ಮೇಜು ಮತ್ತು ಬಟ್ಟೆ ಇದ್ದರೆ ಸಾಕು.

ಉಪವಾಸದ ನಿಯಮ ಆಗ ಇನ್ನೂ ಕಟ್ಟುನಿಟ್ಟು. ಪರಮ ಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ರಾತ್ರಿಯಿಡೀ ಗಾಯಾಳುಗಳ ನಡುವೆ ಓಡಾಡಿ, ಬೆಳಿಗ್ಗೆ ತುಟಿ ಒಣಗಿಸಿಕೊಂಡು ಪೀಠದ ಮುಂದೆ ನಿಂತವರನ್ನು ಯೋಚಿಸಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಇದನ್ನು ಸಡಿಲಿಸಿದರು, ಸಂಜೆಯ ಪೂಜೆಗೂ ಅನುಮತಿ ಸಿಕ್ಕಿತು. 1953 ಮತ್ತು 1957ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅದನ್ನು ಎಲ್ಲರಿಗೂ ಸಡಿಲಿಸಿದರು.

ಸಾಯುತ್ತಿರುವವನ ಹತ್ತಿರ ಹೋಗಿ ನಿಜಕ್ಕೂ ಏನು ಮಾಡುತ್ತಾರೆ?

ಮೊದಲು ಕತ್ತಿನ ತಗಡಿನ ಬಿಲ್ಲೆ ನೋಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಬಿಲ್ಲೆಯ ಮೇಲೆ ಧರ್ಮ ಸೂಚಿಸುವ ಒಂದು ಅಕ್ಷರ ಇರುತ್ತಿತ್ತು. ಕಥೋಲಿಕರಿಗೆ 'ಸಿ'. ಕತ್ತಲಲ್ಲಿ ಅದನ್ನು ಬೆರಳಲ್ಲೇ ತಡವಿ ಓದಬಹುದು.

ಪ್ರಜ್ಞೆ ಇದ್ದರೆ ಪಾಪನಿವೇದನೆ ಕೇಳುತ್ತಾರೆ. ಕಿವಿಯನ್ನು ಅವನ ಬಾಯಿಯ ಹತ್ತಿರ ತರುತ್ತಾರೆ. ಎರಡು ಮಾತಾದರೂ ಸಾಕು, ಪಶ್ಚಾತ್ತಾಪದ ಒಂದು ಗುರುತಾದರೂ ಸಾಕು. ಪಾಪಕ್ಷಮೆಯ ಮಾತು ಹೇಳುತ್ತಾರೆ. ನುಂಗುವ ಶಕ್ತಿ ಇದ್ದರೆ ಪರಮ ಪ್ರಸಾದ ಕೊಡುತ್ತಾರೆ. ಅದು ಕೊನೆಯ ಪ್ರಯಾಣದ ಬುತ್ತಿ. ಅದಕ್ಕೆ ಉಪವಾಸದ ನಿಯಮ ಇಲ್ಲ.

ಜೊತೆಗೆ ತೈಲ ಲೇಪನ. ಪವಿತ್ರ ವಾರದಲ್ಲಿ ಬಿಷಪ್ ಆಶೀರ್ವದಿಸಿದ ಎಣ್ಣೆ ಒಂದು ಸಣ್ಣ ಲೋಹದ ಕುಪ್ಪಿಯಲ್ಲಿ ಇರುತ್ತದೆ. ಚೆಲ್ಲದಿರಲಿ ಎಂದು ಒಳಗೆ ಹತ್ತಿ ತುಂಬಿರುತ್ತಾರೆ. ಹೆಬ್ಬೆರಳಿಗೆ ಹಚ್ಚಿಕೊಂಡು ಹಣೆಯ ಮೇಲೆ ಶಿಲುಬೆ ಗುರುತು. ಹಳೆಯ ಕ್ರಮದಲ್ಲಿ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲು ಎಲ್ಲಕ್ಕೂ ಬೇರೆ ಬೇರೆ ಹಚ್ಚಬೇಕಿತ್ತು. ತುರ್ತಿನಲ್ಲಿ ಆಗಲೂ ಹಣೆ ಒಂದೇ ಸಾಕಾಗುತ್ತಿತ್ತು. ಹಣೆಗೆ ಗಾಯವಾಗಿದ್ದರೆ ಬೇರೆಲ್ಲಾದರೂ ಹಚ್ಚಬಹುದು.

ಉಸಿರು ನಿಂತಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ? ಹಚ್ಚಲೇಬೇಕು. ಚರ್ಚ್ ಕಾನೂನು ಅನುಮಾನದ ಲಾಭವನ್ನು ಮಲಗಿರುವವನಿಗೆ ಕೊಡುತ್ತದೆ.

ಈ ಕೆಲಸ ಯಾವುದೂ ದೂರದಿಂದ ಆಗುವಂಥದ್ದಲ್ಲ. ಫೋನಿನಲ್ಲಿ ಪಾಪಕ್ಷಮೆ ಕೊಡಲಾಗದು. ಎಣ್ಣೆಯನ್ನು ಇನ್ನೊಬ್ಬನ ಕೈಲಿ ಕಳಿಸಲಾಗದು. ಮುಟ್ಟುವಷ್ಟು ಹತ್ತಿರ ಹೋಗಲೇಬೇಕು. ಕಥೋಲಿಕ ಪಾದ್ರಿಗಳು ಅಷ್ಟು ಮುಂದೆ ಮುಂದೆ ಹೋಗಿ ಸತ್ತಿದ್ದು ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಧೈರ್ಯ ಇತ್ತು, ನಿಜ. ಅದಕ್ಕಿಂತ ಮೊದಲು, ಆ ಕೆಲಸ ಇರುವುದೇ ಹಾಗೆ.

ಸಾವಿರ ಜನ ದಾಳಿಗೆ ಹೊರಟು ನಿಂತಾಗ ಒಬ್ಬೊಬ್ಬರ ಪಾಪನಿವೇದನೆ ಕೇಳಲು ಆಗುತ್ತದಾ?

ಆಗುವುದಿಲ್ಲ. ಸಾವಿನ ಅಪಾಯ ಎದುರಿಗಿದ್ದು ಸಮಯ ಇಲ್ಲದಿದ್ದರೆ ಎಲ್ಲರಿಗೂ ಒಟ್ಟಿಗೆ ಪಾಪಕ್ಷಮೆ ಕೊಡಲು ಚರ್ಚ್ ಒಪ್ಪುತ್ತದೆ. ಇದು ಷರತ್ತಿಲ್ಲದ ಮಾಫಿ ಅಲ್ಲ. ನಿಜವಾದ ಪಶ್ಚಾತ್ತಾಪ ಬೇಕು. ಬದುಕಿ ಬಂದವರು ತಮ್ಮ ಗಂಭೀರ ಪಾಪಗಳನ್ನು ಮುಂದೆ ಒಬ್ಬೊಬ್ಬರಾಗಿ ನಿವೇದಿಸಿಕೊಳ್ಳಬೇಕು.

ಇದರಲ್ಲಿ ಎರಡು ಘಟನೆ ಹೆಸರಾಗಿವೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನಲ್ಲಿ ಫಾದರ್ ವಿಲಿಯಂ ಕಾರ್ಬಿ ಒಂದು ಬಂಡೆ ಹತ್ತಿ ನಿಂತು, ಐರಿಷ್ ಬ್ರಿಗೇಡಿನ ಸೈನಿಕರಿಗೆ ಹೀಗೆ ಪಾಪಕ್ಷಮೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಆ ಬ್ರಿಗೇಡ್ ಕದನಕ್ಕೆ ಇಳಿಯಿತು. 1910ರಲ್ಲಿ ಅಲ್ಲೇ ಅವರ ಪ್ರತಿಮೆ ನಿಲ್ಲಿಸಿದರು, ಬಲಗೈ ಮೇಲೆತ್ತಿದ ಭಂಗಿಯಲ್ಲಿ.

ಇನ್ನೊಂದು 1915ರ ಮೇ 8ರ ಸಂಜೆ, ಫ್ರಾನ್ಸಿನಲ್ಲಿ. ಬ್ರಿಟಿಷ್ ಸೈನ್ಯದ ಐರಿಷ್ ದಂಡಾದ ರಾಯಲ್ ಮನ್‌ಸ್ಟರ್ ಫ್ಯುಸಿಲಿಯರ್ಸ್‌ನ ಸೈನಿಕರು ಮುಂಚೂಣಿಗೆ ನಡೆದು ಹೋಗುತ್ತಿದ್ದರು. ರಸ್ತೆ ಬದಿಯ ಮುರುಕು ಗುಡಿಯ ಹತ್ತಿರ ಅವರನ್ನು ನಿಲ್ಲಿಸಲಾಯಿತು. ಕುದುರೆ ಮೇಲಿದ್ದ ಫಾದರ್ ಫ್ರಾನ್ಸಿಸ್ ಗ್ಲೀಸನ್ ಪಾಪಕ್ಷಮೆ ಕೊಟ್ಟರು. ಮಾರನೇ ದಿನ ಓಬರ್ಸ್ ರಿಜ್ ಕದನದಲ್ಲಿ ಆ ದಂಡಿನ ದೊಡ್ಡ ಭಾಗವೇ ಸತ್ತಿತು ಅಥವಾ ಗಾಯಗೊಂಡಿತು.

ಕೊಂದು ಬಂದ ಸೈನಿಕ ಪಾಪನಿವೇದನೆಗೆ ಬಂದರೆ ಪಾದ್ರಿ ಏನು ಹೇಳುತ್ತಾರೆ?

ಒಳಗೆ ಏನು ಹೇಳುತ್ತಾರೆ ಅನ್ನುವುದು ಆ ಇಬ್ಬರಿಗೆ ಮತ್ತು ದೇವರಿಗೆ ಬಿಟ್ಟದ್ದು. ಚರ್ಚಿನ ಬೋಧನೆ ಏನು ಅನ್ನುವುದನ್ನು ಮಾತ್ರ ಹೇಳಬಹುದು.

ನ್ಯಾಯವಾದ ಕಾರಣಕ್ಕೆ, ನ್ಯಾಯವಾದ ರೀತಿಯಲ್ಲಿ, ಎದುರಿಗಿರುವ ಸೈನಿಕನ ಮೇಲೆ ಗುಂಡು ಹಾರಿಸುವುದು ಕೊಲೆಯ ಪಾಪ ಅಲ್ಲ ಅಂತ ಚರ್ಚ್ ಹೇಳುತ್ತಾ ಬಂದಿದೆ. ಶರಣಾದವನನ್ನು, ಗಾಯಾಳುವನ್ನು, ಸಾಮಾನ್ಯ ಜನರನ್ನು ಕೊಲ್ಲುವುದು ಪಾಪವೇ. ಮೇಲಿನಿಂದ ಆಜ್ಞೆ ಬಂದಿತ್ತು ಅನ್ನುವುದು ಅದನ್ನು ತೊಳೆಯುವುದಿಲ್ಲ.

ಆದರೆ ಮನಸ್ಸು ಕಾನೂನಿನ ಪುಸ್ತಕ ನೋಡಿ ನೋಯುವುದಿಲ್ಲ, ಅಲ್ವಾ? ತಪ್ಪಿಲ್ಲ ಅಂತ ಗೊತ್ತಿದ್ದರೂ ಕೊಂದವನ ಮುಖ ರಾತ್ರಿ ಕಣ್ಮುಂದೆ ಬರುತ್ತದೆ. ಹಿಂದಿನವರಿಗೂ ಇದು ಗೊತ್ತಿತ್ತು. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಕದನ ಆದ ಮೇಲೆ ಗೆದ್ದ ನಾರ್ಮನ್ ಸೈನಿಕರಿಗೇ ಬಿಷಪ್‌ಗಳು ಪ್ರಾಯಶ್ಚಿತ್ತ ವಿಧಿಸಿದರು. ಪೋಪರ ಪ್ರತಿನಿಧಿ ಎರ್ಮೆನ್‌ಫ್ರಿಡ್ ಅದಕ್ಕೆ ಒಪ್ಪಿಗೆ ಕೊಟ್ಟರು. ದೊಡ್ಡ ಕದನದಲ್ಲಿ ಕೊಂದ ಪ್ರತಿಯೊಬ್ಬನಿಗೆ ಒಂದು ವರ್ಷ. ಹೊಡೆದವನು ಸತ್ತನೋ ಇಲ್ಲವೋ ಗೊತ್ತಿಲ್ಲದಿದ್ದರೆ ಒಬ್ಬೊಬ್ಬನಿಗೆ ನಲವತ್ತು ದಿನ. ಎಷ್ಟು ಜನ ಸತ್ತರೆಂದು ಲೆಕ್ಕ ಸಿಗದವನು ಬದುಕಿರುವ ತನಕ ವಾರಕ್ಕೊಂದು ದಿನ. ಬಿಲ್ಲುಗಾರರಿಗೆ ಬಾಣ ಯಾರಿಗೆ ತಾಗಿತೆಂದೇ ತಿಳಿಯುವುದಿಲ್ಲ, ಹಾಗಾಗಿ ಅವರಿಗೆ ಮೂರು ತಪಸ್ಸು ಕಾಲ, ಅಂದರೆ ಮೂರು ಸಲ ನಲವತ್ತು ದಿನ.

ಸೋತವರಿಗೆ ವಿಧಿಸಿದ ಶಿಕ್ಷೆ ಅಲ್ಲ ಇದು, ಗೆದ್ದವರಿಗೆ. ನನಗೆ ಇದರಲ್ಲಿ ಕ್ರೌರ್ಯ ಕಾಣುವುದಿಲ್ಲ, ಕರುಣೆ ಕಾಣುತ್ತದೆ. ನೀನು ಮಾಡಿದ್ದು ಸಣ್ಣದಲ್ಲ, ಆದರೆ ಅದನ್ನು ಇಳಿಸಿಡಲು ಒಂದು ದಾರಿ ಇದೆ ಎಂದು ಅವರು ಹೇಳಿದರು. ಇವತ್ತಿನ ಮನೋವೈದ್ಯರು ಯುದ್ಧದಿಂದ ಬಂದವರ ನೈತಿಕ ಗಾಯದ ಬಗ್ಗೆ ಮಾತಾಡುತ್ತಾರೆ. ಬರೀ 'ನಿನ್ನ ತಪ್ಪೇನೂ ಇಲ್ಲ ಬಿಡು' ಅಂದರೆ ಆ ಗಾಯ ಮಾಯುವುದಿಲ್ಲ. ಒಳ್ಳೆಯ ಸೇನಾ ಪಾದ್ರಿ ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಸೇನಾಧಿಕಾರಿ ಕೇಳಿದರೆ ಹೇಳಬೇಕಾ?

ಹೇಳುವಂತಿಲ್ಲ. ಯಾವ ದರ್ಜೆಯ ಅಧಿಕಾರಿ ಆಜ್ಞೆ ಮಾಡಿದರೂ, ನ್ಯಾಯಾಲಯ ಕೇಳಿದರೂ, ಪ್ರಾಣ ಹೋದರೂ ಇಲ್ಲ. ಈ ಗುಟ್ಟು ಮುರಿದ ಗುರುವಿಗೆ ಚರ್ಚಿನಿಂದ ಬಹಿಷ್ಕಾರ. ಓಡಿಹೋಗುವ ಯೋಚನೆಯಲ್ಲಿರುವ ಸೈನಿಕನೂ ಧೈರ್ಯವಾಗಿ ಬಂದು ಮಾತಾಡಬಹುದಾಗಿರುವುದು ಇದರಿಂದಲೇ.

ಅವರಿಗೆ ದರ್ಜೆ ಇರುತ್ತದಾ?

ಅನೇಕ ಸೈನ್ಯಗಳಲ್ಲಿ ಇರುತ್ತದೆ, ಆದರೆ ಯಾರಿಗೂ ಯುದ್ಧದ ಆಜ್ಞೆ ಕೊಡುವ ಅಧಿಕಾರ ಇರುವುದಿಲ್ಲ. ಬ್ರಿಟನ್ನಿನ ನೌಕಾಪಡೆಯ ಪದ್ಧತಿ ನನಗೆ ತುಂಬಾ ಇಷ್ಟ. ಅಲ್ಲಿ ಪಾದ್ರಿಗೆ ದರ್ಜೆಯೇ ಇಲ್ಲ. ಯಾರ ಜೊತೆ ಮಾತಾಡುತ್ತಿದ್ದಾರೋ ಅವರ ದರ್ಜೆಯೇ ಪಾದ್ರಿಯದ್ದೂ.

ಕಥೋಲಿಕರಲ್ಲದವರಿಗೆ ಅವರಿಂದ ಏನು ಉಪಯೋಗ?

ಬಹಳ ಇದೆ. ಸಂಸ್ಕಾರಗಳು ಕಥೋಲಿಕರಿಗೆ. ಸಾವಿನ ಅಪಾಯದಲ್ಲಿ ಬೇರೆ ಕ್ರೈಸ್ತರು ತಾವಾಗಿ ಕೇಳಿದರೆ ಕೆಲವು ಷರತ್ತುಗಳ ಮೇಲೆ ಅವರಿಗೂ ಕೊಡಬಹುದು. ಉಳಿದದ್ದೆಲ್ಲ, ಅಂದರೆ ಹೆಗಲು ಕೊಡುವುದು, ಪತ್ರ ಬರೆಯುವುದು, ಪಕ್ಕದಲ್ಲಿ ಕೂರುವುದು, ಎಲ್ಲರಿಗೂ.

1943ರ ಫೆಬ್ರವರಿ 3ರಂದು ಅಮೆರಿಕದ ಡಾರ್ಚೆಸ್ಟರ್ ಹಡಗು ಉತ್ತರ ಅಟ್ಲಾಂಟಿಕ್‌ನಲ್ಲಿ ಟಾರ್ಪೆಡೊ ತಾಗಿ ಮುಳುಗಿತು. ಅದರಲ್ಲಿ ನಾಲ್ವರು ಸೇನಾ ಧರ್ಮಗುರುಗಳಿದ್ದರು. ಕಥೋಲಿಕ ಗುರು ಜಾನ್ ವಾಷಿಂಗ್ಟನ್, ಯೆಹೂದಿ ರಬ್ಬಿ ಅಲೆಕ್ಸಾಂಡರ್ ಗೂಡ್, ಪ್ರಾಟೆಸ್ಟಂಟ್ ಪಾದ್ರಿಗಳಾದ ಜಾರ್ಜ್ ಫಾಕ್ಸ್ ಮತ್ತು ಕ್ಲಾರ್ಕ್ ಪೋಲಿಂಗ್. ಲೈಫ್ ಜಾಕೆಟ್ ಸಾಲದೆ ಬಂದಾಗ ನಾಲ್ವರೂ ತಮ್ಮದನ್ನು ಬಿಚ್ಚಿ ಕೊಟ್ಟರು. ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ. ಬದುಕಿ ಬಂದವರು ಕೊನೆಗೆ ನೋಡಿದ್ದು ಆ ನಾಲ್ವರು ಡೆಕ್ಕಿನ ಮೇಲೆ ಒಟ್ಟಿಗೆ ನಿಂತು ಪ್ರಾರ್ಥಿಸುತ್ತಿದ್ದುದನ್ನು.

ಎಷ್ಟು ಮುಂದೆ ಹೋಗುತ್ತಾರೆ? ಸತ್ತವರು ತುಂಬಾ ಜನ ಇದ್ದಾರಾ?

ಇದ್ದಾರೆ. ಎಲ್ಲರ ಹೆಸರು ಬರೆಯುವುದಕ್ಕೆ ಇಲ್ಲಿ ಆಗುವುದಿಲ್ಲ. ಮೂವರ ಬಗ್ಗೆ ಹೇಳುತ್ತೇನೆ.

ಐರ್ಲೆಂಡಿನ ಜೆಸ್ವಿತ್ ಗುರು ವಿಲ್ಲಿ ಡಾಯ್ಲ್. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲೇ ಸೈನಿಕರ ಜೊತೆ ಬದುಕಿದರು. 1917ರ ಆಗಸ್ಟ್ 16ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಗಾಯಾಳುಗಳ ಸೇವೆಯಲ್ಲಿದ್ದಾಗ ಶೆಲ್ ಬಿದ್ದು ಸತ್ತರು. ಅವರ ದೇಹ ಸಿಗಲಿಲ್ಲ.

ಫಾದರ್ ಅಲೋಶಿಯಸ್ ಶ್ಮಿಟ್. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನಲ್ಲಿ ಜಪಾನಿನ ದಾಳಿಗೆ ಸಿಕ್ಕಿ ಅಮೆರಿಕದ ಒಕ್ಲಹೋಮಾ ಯುದ್ಧನೌಕೆ ಮಗುಚಿಕೊಂಡಿತು. ಒಳಗೆ ಸಿಕ್ಕಿಬಿದ್ದವರಿಗೆ ಇದ್ದ ದಾರಿ ಒಂದು ಸಣ್ಣ ದುಂಡು ಕಿಟಕಿ. ಶ್ಮಿಟ್ ಅರ್ಧ ಹೊರಗೆ ಬಂದು ಸಿಕ್ಕಿಕೊಂಡರು. ಹಿಂದೆ ಇನ್ನೂ ಜನ ಇದ್ದಾರೆ ಅಂತ ಗೊತ್ತಾದಾಗ, ತಮ್ಮನ್ನು ಮತ್ತೆ ಒಳಗೆ ತಳ್ಳುವಂತೆ ಹೊರಗಿದ್ದವರಿಗೆ ಹೇಳಿದರು. ಆಮೇಲೆ ಒಳಗಿನಿಂದ ಒಬ್ಬೊಬ್ಬರನ್ನೇ ಹೊರಗೆ ದೂಡಿದರು. ಹನ್ನೆರಡು ಜನ ಬದುಕಿಕೊಂಡರು ಅಂತ ಹೇಳುತ್ತಾರೆ. ಅವರ ಅವಶೇಷ ಗುರುತಾಗಿ ಊರಿಗೆ ಬಂದದ್ದು 2016ರಲ್ಲಿ.

ಫಾದರ್ ವಿನ್ಸೆಂಟ್ ಕಪೋಡಾನೊ, ಮೇರಿನೋಲ್ ಸಭೆಯವರು. ವಿಯೆಟ್ನಾಂನಲ್ಲಿ ಅಮೆರಿಕದ ಮೆರೀನ್ ಪಡೆಯ ಜೊತೆಗಿದ್ದರು. 1967ರ ಸೆಪ್ಟೆಂಬರ್ 4ರಂದು ಕೇ ಸನ್ ಕಣಿವೆಯ ಕದನದಲ್ಲಿ ತೋಳಿಗೆ, ಕಾಲಿಗೆ ಗಾಯವಾಗಿ ಬಲಗೈಯ ಒಂದಿಷ್ಟು ಹರಿದುಹೋಗಿತ್ತು. ಚಿಕಿತ್ಸೆ ಬೇಡ ಅಂದರು. ಮೆಷಿನ್‌ಗನ್ ಎದುರಿಗೆ ಬಿದ್ದಿದ್ದ ಒಬ್ಬ ಗಾಯಾಳುವಿನ ಕಡೆ ಓಡಿದರು. ಅಲ್ಲೇ ಗುಂಡು ತಾಗಿತು. ಅವರಿಗೆ 38 ವರ್ಷ.

ಸೆರೆ ಸಿಕ್ಕರೆ?

ಇದಕ್ಕೆ ಎಮಿಲ್ ಕಪಾನ್ ಅವರ ಕಥೆಯನ್ನೇ ಹೇಳಬೇಕು.

ಕಪಾನ್ ಕಾನ್ಸಾಸ್ ರಾಜ್ಯದ ರೈತರ ಮನೆಯ ಹುಡುಗ, 1916ರಲ್ಲಿ ಹುಟ್ಟಿದವರು. 1950ರ ನವೆಂಬರ್ ಮೊದಲ ದಿನಗಳಲ್ಲಿ ಉತ್ತರ ಕೊರಿಯಾದ ಉನ್ಸಾನ್ ಹತ್ತಿರ ಅವರ ಪಡೆಯನ್ನು ಚೀನಾ ಸೈನ್ಯ ಸುತ್ತುವರಿಯಿತು. ತಪ್ಪಿಸಿಕೊಳ್ಳುವವರಿಗೆ ಅವಕಾಶ ಇತ್ತು. ನಡೆಯಲಾಗದ ಗಾಯಾಳುಗಳು ಉಳಿದರು. ಕಪಾನ್ ಅವರ ಜೊತೆ ಉಳಿದರು. ಗಾಯಾಳುಗಳ ನಡುವೆ ಒಬ್ಬ ಚೀನೀ ಅಧಿಕಾರಿಯೂ ಇದ್ದ. ಅವನ ಮನವೊಲಿಸಿ, ತಮ್ಮವರು ಸುರಕ್ಷಿತವಾಗಿ ಶರಣಾಗಲು ಬಿಡುವಂತೆ ಚೀನೀ ಸೈನಿಕರ ಜೊತೆ ಅವನಿಂದ ಮಾತಾಡಿಸಿದರು. ಹೊರಗೆ ಬಂದಾಗ ಒಬ್ಬ ಚೀನೀ ಸೈನಿಕ, ಹಳ್ಳದಲ್ಲಿ ಕಾಲು ಮುರಿದು ಬಿದ್ದಿದ್ದ ಸಾರ್ಜೆಂಟ್ ಹರ್ಬರ್ಟ್ ಮಿಲ್ಲರ್ ತಲೆಗೆ ಬಂದೂಕು ಹಿಡಿದಿದ್ದ. ಕಪಾನ್ ನೇರವಾಗಿ ಹೋಗಿ ಆ ಬಂದೂಕನ್ನು ಪಕ್ಕಕ್ಕೆ ತಳ್ಳಿದರು. ಮಿಲ್ಲರ್‌ನನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದರು. ಆ ಸೈನಿಕ ಗುಂಡು ಹಾರಿಸಲಿಲ್ಲ.

ಪ್ಯೊಕ್ಟೊಂಗ್‌ನ ಸೆರೆ ಶಿಬಿರದಲ್ಲಿ ಆ ಚಳಿಗಾಲ ನೂರಾರು ಜನ ಹಸಿವಿನಿಂದ, ಕಾಯಿಲೆಯಿಂದ ಸತ್ತರು. ಕಪಾನ್ ಅಲ್ಲಿ ಮಾಡಿದ ಕೆಲಸಗಳನ್ನು ಕೇಳಿ. ಮುರಿದ ಛಾವಣಿಯ ತಗಡನ್ನು ಬಡಿದು ಪಾತ್ರೆ ಮಾಡಿದರು, ಅದರಲ್ಲಿ ನೀರು ಕುದಿಸಿ ಕೊಟ್ಟರು. ಭೇದಿಯಿಂದ ಏಳಲಾಗದವರ ಬಟ್ಟೆ ಒಗೆದರು. ಮೈಮೇಲಿನ ಹೇನು ಹೆಕ್ಕಿದರು. ಏಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಒಳ್ಳೆಯ ಕಳ್ಳ ಸಂತ ದಿಸ್ಮಾಸರನ್ನು ಬೇಡಿಕೊಂಡು, ಕಾವಲುಗಾರರ ಉಗ್ರಾಣದಿಂದ ಧಾನ್ಯ ಕದ್ದು ತಂದರು. ಪ್ರಾರ್ಥನೆಗೆ ನಿಷೇಧ ಇತ್ತು. ರಾತ್ರಿ ಗುಡಿಸಲಿಂದ ಗುಡಿಸಲಿಗೆ ನುಸುಳಿ ಹೋಗಿ ಪ್ರಾರ್ಥನೆ ಹೇಳಿಸುತ್ತಿದ್ದರು. 1951ರ ಮಾರ್ಚ್ 25ರ ಈಸ್ಟರ್ ದಿನ ಬಹಿರಂಗವಾಗಿಯೇ ಪ್ರಾರ್ಥನೆ ನಡೆಸಿದರು.

ಕೊನೆಗೆ ಅವರೇ ಹಾಸಿಗೆ ಹಿಡಿದರು. ಕಾವಲುಗಾರರು ಸಾಯುವವರನ್ನು ಹಾಕುವ ಮನೆಗೆ ಒಯ್ದರು. 1951ರ ಮೇ 23ರಂದು ತೀರಿಕೊಂಡರು. ಅವರನ್ನು ಒಮ್ಮೆಯೂ ನೋಡದ ಯೆಹೂದಿ ಮೆರೀನ್ ಅಧಿಕಾರಿ ಜೆರಾಲ್ಡ್ ಫಿಂಕ್, ಉಳಿದವರಿಂದ ಕೇಳಿದ್ದಷ್ಟರಿಂದಲೇ, ಸೌದೆ ಕಟ್ಟಿಗೆಯಿಂದ ಒಂದು ಶಿಲುಬೆ ಕೆತ್ತಿದರು. ಬಿಡುಗಡೆಯಾದ ಕೈದಿಗಳು ಅದನ್ನು ಹೊತ್ತುಕೊಂಡೇ ಹೊರಬಂದರು.

2013ರಲ್ಲಿ ಕಪಾನ್‌ಗೆ ಅಮೆರಿಕದ ಅತಿ ದೊಡ್ಡ ಯುದ್ಧಗೌರವವಾದ ಮೆಡಲ್ ಆಫ್ ಆನರ್ ಬಂತು. ಮಿಲ್ಲರ್ ಆಗಲೂ ಬದುಕಿದ್ದರು. 2021ರಲ್ಲಿ ಅವಶೇಷಗಳ ಗುರುತಾಯಿತು. ಸಂತ ಪದವಿಯ ಪ್ರಕ್ರಿಯೆ ನಡೆಯುತ್ತಿದೆ.

ಶತ್ರು ಸೈನಿಕರಿಗೂ ಸೇವೆ ಮಾಡುತ್ತಾರಾ?

ಮಾಡಲೇಬೇಕು. ಗಾಯಾಳು ಗಾಯಾಳುವೇ. ಇನ್ನೂ ಕಷ್ಟದ ಸಂದರ್ಭಗಳೂ ಇವೆ. ಜರ್ಮನ್ ಗುರು ಫ್ರಾನ್ಜ್ ಸ್ಟಾಕ್, ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನ ಜೈಲುಗಳಲ್ಲಿ ಫ್ರೆಂಚ್ ಕೈದಿಗಳ ಸೇವೆ ಮಾಡಿದರು. ಅವರ ದೇಶದವರೇ ಪ್ಯಾರಿಸ್ ಹತ್ತಿರದ ಮಾನ್ ವ್ಯಾಲೇರಿಯನ್ ಕೋಟೆಯಲ್ಲಿ ಗುಂಡಿಕ್ಕಿ ಕೊಲ್ಲುತ್ತಿದ್ದ ಫ್ರೆಂಚರ ಜೊತೆ ಕೊನೆಯ ತನಕ ನಡೆದು ಹೋಗುತ್ತಿದ್ದರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ಎದುರಿಸಿದ ನಾಜಿ ನಾಯಕರಲ್ಲಿ ಕಥೋಲಿಕರಾಗಿದ್ದವರಿಗೆ ಅಮೆರಿಕದ ಫ್ರಾನ್ಸಿಸ್ಕನ್ ಗುರು ಸಿಕ್ಸ್‌ಟಸ್ ಓಕಾನರ್ ಅವರನ್ನು ಕೊಟ್ಟಿದ್ದರು.

ಶಾಂತಿ ಬೋಧಿಸುವ ಚರ್ಚ್ ಯುದ್ಧಕ್ಕೆ ಪಾದ್ರಿ ಕಳಿಸುವುದು ಸರಿಯಾ?

ನ್ಯಾಯವಾದ ಪ್ರಶ್ನೆ. ಇದನ್ನು ಕೇಳುವವರನ್ನು ದೂರ ತಳ್ಳಬಾರದು.

ಪಾದ್ರಿ ಸೈನ್ಯದ ಸಂಬಳ ತೆಗೆದುಕೊಂಡು, ಸೈನ್ಯದ ಬಟ್ಟೆ ಹಾಕಿಕೊಂಡು, ತಪ್ಪನ್ನು ತಪ್ಪು ಅಂತ ಹೇಳಬಲ್ಲರೇ? ಎಲ್ಲರೂ ಹೇಳಲಿಲ್ಲ. ಫಾದರ್ ಜಾರ್ಜ್ ಜಬೆಲ್ಕಾ 1945ರಲ್ಲಿ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪದಲ್ಲಿದ್ದರು, ಅಣುಬಾಂಬ್ ಹಾಕಿದ ವಿಮಾನ ಪಡೆಯವರ ಕಥೋಲಿಕ ಪಾದ್ರಿಯಾಗಿ. ಆಗಸ್ಟ್ 9ರ ಬಾಂಬ್ ಸಿಡಿದದ್ದು ನಾಗಸಾಕಿಯ ಉರಾಕಾಮಿ ಮೇಲೆ. ಜಪಾನಿನ ಬಹಳ ಹಳೆಯ ಕಥೋಲಿಕ ಸಮುದಾಯ ಇದ್ದ ಜಾಗ, ದೊಡ್ಡ ಚರ್ಚ್ ಇದ್ದ ಜಾಗ. ಜನವಸತಿಯ ಮೇಲೆ ಬಾಂಬ್ ಹಾಕುವುದು ಪಾಪ ಅಂತ ತಾವು ಒಂದು ದಿನವೂ ಬೋಧಿಸಲಿಲ್ಲ ಎಂದು ಜಬೆಲ್ಕಾ ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ಉಳಿದ ಜೀವನವನ್ನು ಶಾಂತಿಯ ಕೆಲಸಕ್ಕೆ ಕೊಟ್ಟರು. ಸೇನಾ ಪಾದ್ರಿ ಆಗಬೇಕು ಅನ್ನುವ ಪ್ರತಿಯೊಬ್ಬ ಗುರುವೂ ಅವರ ಕಥೆ ಓದಬೇಕು ಅಂತ ನನ್ನ ಅನಿಸಿಕೆ.

1965ರಲ್ಲಿ ವ್ಯಾಟಿಕನ್ ಮಹಾಸಭೆ ಇಡೀ ನಗರಗಳನ್ನು ನಾಶ ಮಾಡುವ ಯುದ್ಧವನ್ನು ದೇವರ ಮತ್ತು ಮನುಷ್ಯರ ವಿರುದ್ಧದ ಅಪರಾಧ ಎಂದು ಖಂಡಿಸಿತು. ಅದೇ ದಾಖಲೆಯಲ್ಲಿ, ತನ್ನ ದೇಶವನ್ನು ಸರಿಯಾದ ರೀತಿಯಲ್ಲಿ ಕಾಯುವ ಸೈನಿಕ ಶಾಂತಿಗೆ ನೆರವಾಗುತ್ತಾನೆ ಎಂದೂ ಹೇಳಿತು. ಪಾದ್ರಿ ನಿಂತಿರುವುದು ಈ ಎರಡು ಮಾತಿನ ನಡುವೆ. ಯುದ್ಧ ತಪ್ಪಾಗಿದ್ದರೂ ಅದರಲ್ಲಿ ಸಾಯುತ್ತಿರುವ ಹತ್ತೊಂಬತ್ತರ ಹುಡುಗನಿಗೆ ಗುರು ಬೇಕು. ಆದ್ದರಿಂದ ಕಳಿಸುವುದು ಸರಿ ಅಂತಲೇ ನಾನು ನಂಬಿದ್ದೇನೆ. ಬಾಯಿ ಮುಚ್ಚಿಕೊಂಡಿರಲಿ ಅಂತ ಕಳಿಸುವುದು ಮಾತ್ರ ಸರಿಯಲ್ಲ.

ಯುದ್ಧ ಮುಗಿದ ಮೇಲೆ ಅವರೆಲ್ಲ ಏನಾಗುತ್ತಾರೆ?

ಬಹುಪಾಲು ಜನ ತಮ್ಮ ಧರ್ಮಪ್ರಾಂತ್ಯಕ್ಕೆ ಮರಳುತ್ತಾರೆ. ಮೊದಲ ಮಹಾಯುದ್ಧದಲ್ಲಿ ಇಟಲಿಯ ಸೈನ್ಯದಲ್ಲಿ ಪಾದ್ರಿಯಾಗಿದ್ದ ಆಂಜೆಲೊ ರೊಂಕಾಲಿ 1958ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಆದರು. ಜರ್ಮನಿಯ ಜೆಸ್ವಿತ್ ರೂಪರ್ಟ್ ಮೇಯರ್ 1916ರ ಕೊನೆಯಲ್ಲಿ ರೊಮೇನಿಯಾ ರಣರಂಗದಲ್ಲಿ ಎಡಗಾಲು ಕಳೆದುಕೊಂಡರು. ಮುಂದೆ ಮ್ಯೂನಿಕ್‌ನಲ್ಲಿ ಹಿಟ್ಲರನ ವಿರುದ್ಧ ಬೋಧಿಸಿ ಜೈಲಿಗೂ ಹೋದರು.

ಇಟಲಿಯ ಕಾರ್ಲೊ ನ್ಯೋಕಿ 1943ರ ಜನವರಿಯಲ್ಲಿ ರಷ್ಯಾದ ಹಿಮದಲ್ಲಿ ಆಲ್ಪಿನಿ ಎಂಬ ಪರ್ವತ ಪಡೆಯ ಜೊತೆ ಹಿಂದೆ ಸರಿಯುತ್ತಾ ಸಾವಿನಿಂದ ಪಾರಾದರು. ಸಾಯುತ್ತಿದ್ದ ಸೈನಿಕರು ತಮ್ಮ ಮಕ್ಕಳ ಬಗ್ಗೆ ಹೇಳಿಕೊಂಡಿದ್ದರು. ವಾಪಸ್ ಬಂದು ಸತ್ತವರ ಮನೆಗಳನ್ನು ಹುಡುಕಿ ಹೋದರು. ಆಮೇಲೆ ಬಾಂಬಿನಿಂದ ಕೈಕಾಲು ಕಳೆದುಕೊಂಡ ಮಕ್ಕಳಿಗೆ ಮನೆಗಳನ್ನು ಕಟ್ಟಿದರು. 1956ರಲ್ಲಿ ಸಾಯುವಾಗ ಕಣ್ಣು ಕಾಣದ ಇಬ್ಬರು ಎಳೆಯರಿಗೆ ತಮ್ಮ ಕಣ್ಣಿನ ಕಾರ್ನಿಯಾ ದಾನ ಮಾಡಿದರು.

ಪಡೆಯಲ್ಲಿ ಪಾದ್ರಿಯೇ ಇಲ್ಲದಿದ್ದರೆ ಕಥೋಲಿಕ ಸೈನಿಕ ಏನು ಮಾಡಬೇಕು?

ಇದು ಈಗ ಜಾಸ್ತಿ ಕೇಳಿಬರುವ ಪ್ರಶ್ನೆ. ಗುರುಗಳ ಕೊರತೆ ಎಲ್ಲ ಕಡೆ ಇದೆ, ಸೈನ್ಯದಲ್ಲಂತೂ ಇನ್ನೂ ಹೆಚ್ಚು.

ಯಾವ ಗುರು ಸಿಕ್ಕರೂ ಆಗುತ್ತದೆ. ಸಾವಿನ ಅಪಾಯದಲ್ಲಿ, ಸೇವೆಯಿಂದ ದೂರವಾದ ಗುರು ಕೂಡ ಪಾಪಕ್ಷಮೆ ಕೊಡಬಹುದು. ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ) ಆಗದ ಗೆಳೆಯ ಸಾಯುವಾಗ ಕೇಳಿಕೊಂಡರೆ, ಪಕ್ಕದಲ್ಲಿರುವ ಯಾರೇ ಆದರೂ ತಲೆಗೆ ನೀರು ಸುರಿದು, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಬಹುದು. ಅನುಮತಿ ಪಡೆದ ಸಾಮಾನ್ಯ ವಿಶ್ವಾಸಿ ಪರಮ ಪ್ರಸಾದ ಒಯ್ದು ಹಂಚಬಹುದು. ಜಪಮಾಲೆಗೆ ಯಾರ ಅನುಮತಿಯೂ ಬೇಕಿಲ್ಲ.

ಯಾರೂ ಸಿಗದಿದ್ದರೆ, ದೇವರ ಮೇಲಿನ ಪ್ರೀತಿಯಿಂದ ಮನಸಾರೆ ಪಶ್ಚಾತ್ತಾಪ ಪಟ್ಟು, ಮುಂದೆ ಅವಕಾಶವಾದ ಕೂಡಲೇ ಪಾಪನಿವೇದನೆ ಮಾಡುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದರೆ ಗಂಭೀರ ಪಾಪಕ್ಕೂ ಕ್ಷಮೆ ಇದೆ ಎಂದು ಚರ್ಚ್ ಬೋಧಿಸುತ್ತದೆ. ಇದನ್ನು ಸೈನಿಕರಿಗೆ ಮೊದಲೇ ಹೇಳಿಕೊಟ್ಟಿರುವುದು ಪಾದ್ರಿಯ ಕರ್ತವ್ಯ. ದಾಳಿಯ ಹಿಂದಿನ ರಾತ್ರಿಯ ತನಕ ಕಾಯದೆ, ಮೊದಲ ಭೇಟಿಯಲ್ಲೇ ಹೇಳಬೇಕು.